ಎಸರು ಅಲ್ಲೂ ಅದ

ಆರಾಧನೆ ಮೂರು ಗಂಟೆಗೆ ಅಂದಿದ್ದರು. ಇಥಿಯೋಪಿಯಾದವರು ಗಂಟೆ ಎಣಿಸುವುದು ಹೊತ್ತು ಮೂಡಿದ ಮೇಲೆ. ಅವರ ಮೂರು ಅಂದರೆ ನಮ್ಮ ಬೆಳಗಿನ ಒಂಬತ್ತು. ಕ್ರೈಸ್ತ ಸಭೆಯ ಸೇವೆಗೆಂದು ಕಲಬುರಗಿಯಿಂದ ಹೋದವರು ನಮ್ಮ ಮಧ್ಯಾಹ್ನದ ಮೂರಕ್ಕೇ ಮುಟ್ಟಿದೆವು. ಸಿಕ್ಕಿದ್ದು ಅಡುಗೆಮನೆ.

ಊರು ಬಿಶೊಫ್ತು ಹತ್ತಿರ, ಅಡಿಸ್ ಅಬಾಬದಿಂದ ಸುಮಾರು 45 ಕಿ.ಮೀ. ಜೇವರ್ಗಿ ಕಡೆಯಂಥದೇ ಎರೆಭೂಮಿ. ಬೆಳೆ ತೆಫ್. ಕಾಳು ಗಸಗಸೆಯಷ್ಟು ಸಣ್ಣದು, ಕಣವನ್ನು ಸೆಗಣಿಯಿಂದ ಸಾರಿಸದಿದ್ದರೆ ರಾಶಿ ಬಿರುಕಿನ ಪಾಲು.

ಅದರ ಹಿಟ್ಟಿನದೇ ಇಂಜೆರಾ, ಅವರ ಮೆತ್ತನೆ ಹುಳಿ ರೊಟ್ಟಿ. ಕಿಲೋ ಹಿಟ್ಟಿಗೆ ಒಂದೂವರೆ ಲೀಟರ್‌ಗಿಂತ ತುಸು ಹೆಚ್ಚು ನೀರು, ಹಿಂದಿನ ಸಲದ ಹುಳಿ ತಿಳಿ ಒಂದು ಲೋಟ. ಎರಡು ಮೂರು ದಿನ ಹುಳಿ ಬರಲು ಬಿಟ್ಟು ಮೇಲೆ ನಿಂತ ನೀರು ಬಸಿಯುತ್ತಾರೆ. ಆಮೇಲೆ ಅಬ್ಸಿತ್: ಹಿಟ್ಟಿನಲ್ಲಿ ಹತ್ತರಲ್ಲೊಂದು ಪಾಲು ತೆಗೆದು, ಮೂರು ಪಟ್ಟು ನೀರು ಬೆರೆಸಿ, ಗಂಜಿ ಕಾಸಿ, ಆರಿಸಿ, ತಿರುಗಿ ಅದರಲ್ಲೇ ಸುರಿಯುವುದು.

ಜೊತೆಗಿದ್ದ ಆಳಂದದ ಅಕ್ಕ ನೋಡಿದವರೇ, "ಇದು ನಮ್ಮ ಎಸರೇ ಅದ ನೋಡ್ರಿ" ಅಂದರು. ಹೌದು. ಜೋಳಕ್ಕೂ ತೆಫ್‌ಗೂ ಗೋಧಿಯ ಅಂಟಿಲ್ಲ. ಕುದಿವ ನೀರು, ಅದೇ ಎಸರು, ಬಿದ್ದರೆ ಜೋಳದ ಹಿಟ್ಟು ಬೆಂದು ಜಿಗಿ ಬರುತ್ತದೆ, ಇಲ್ಲವೆಂದರೆ ಬಡಿಯುವಾಗ ರೊಟ್ಟಿಯ ಅಂಚು ಸೀಳುತ್ತದೆ. ಅಬ್ಸಿತ್‌ನ ಜಿಗಿ ಹಿಡಿದಿಡುವುದು ಹುಳಿಯ ಗಾಳಿಯನ್ನು. ಆದರೆ ಬೆರಳು ತಾಳುವಷ್ಟು ಆರಿರಬೇಕು. ಬಿಸಿ ಸುರಿದರೆ ಹುಳಿ ಸತ್ತು ಇಂಜೆರಾ ಕಣ್ಣು ಬಿಡುವುದಿಲ್ಲ. ಆ ತೂತುಗಳಿಗೆ ಅವರೂ ಕಣ್ಣು ಅಂತಲೇ ಅನ್ನುತ್ತಾರೆ.

ಹಂಚು ಮಣ್ಣಿನದು, ಅಗಲ ಹತ್ತಿರ ಹತ್ತಿರ ಎರಡಡಿ. ಎಣ್ಣೆ ಬದಲು ಸಾಸಿವೆ ಜಾತಿಯ ಕಾಳಿನ ಪುಡಿ ಉದುರಿಸಿ ಬಟ್ಟೆಯಿಂದ ತಿಕ್ಕುತ್ತಾರೆ. ಹಿಟ್ಟನ್ನು ಅಂಚಿನಿಂದ ನಡುವಿಗೆ ಸುತ್ತುತ್ತ ಹೊಯ್ದು, ಕಣ್ಣು ಮೂಡಿದ ಕೂಡಲೇ ಮುಚ್ಚಳ. ಎರಡು ಮೂರು ನಿಮಿಷ. ತಿರುವಿ ಹಾಕುವುದಿಲ್ಲ. ಹುಲ್ಲಿನಿಂದ ಹೆಣೆದ ಚಪ್ಪಟೆ ತಟ್ಟೆಯನ್ನು ಅಡಿಗೆ ಜಾರಿಸಿ ಎತ್ತುತ್ತಾರೆ. ಮೊದಲನೆಯದು ಕಾವು ಸಾಲದೆ ಹಂಚಿಗೆ ಹಿಡಿದು ಹರಿಯಿತು. ಮೊದಲ ರೊಟ್ಟಿಯ ಹಣೆಬರಹ ಎಲ್ಲಾ ಕಡೆ ಅದೇ.

ತೆಫ್ ತುಟ್ಟಿಯಾದಾಗ ಜೋಳ ಬೆರೆಸುವುದುಂಟು. ಜೋಳಕ್ಕೆ ಅಲ್ಲಿ ಮಶಿಲಾ ಅಂತ ಹೆಸರು. ತೆಫ್‌ನ ಇಂಜೆರಾ ಮೂರು ದಿನ ಮೆತ್ತಗಿದ್ದರೆ, ಜೋಳದ್ದು ಮರುದಿನಕ್ಕೇ ಬಿಗಿದು ಮುರಿಯುತ್ತದೆ. ಅವರ ಕಣ್ಣಲ್ಲಿ ಅದು ದೊಡ್ಡ ಕುಂದು. ಅಕ್ಕ ಚೀಲದಿಂದ ಖಡಕ್ ರೊಟ್ಟಿ ತೆಗೆದುಕೊಟ್ಟಾಗ ಆ ಮನೆಯ ಅಜ್ಜಿ ಪಾಪ, ಹಳಸಿದೆ ಅಂದುಕೊಂಡು, ಚೂರು ಮಾಡಿ ಖಾರದ ಸಾರಿನಲ್ಲಿ ಕಲಸಿ ಫಿರ್‌ಫಿರ್ ಮಾಡಿ ತಂದಿಟ್ಟರು.