ಚಮಚದ ಬೆನ್ನ ಮೇಲಿನ ಮುದ್ರೆಗಳು

ಬ್ರಿಟಿಷರ ಕಾಲದ ಬೆಳ್ಳಿ ಚಮಚಗಳನ್ನು ಸಂಗ್ರಹಿಸುವವರು ಚಮಚ ಕೈಗೆ ಬಂದ ಕೂಡಲೇ ಅದನ್ನು ಬೋರಲು ಹಾಕಿ ನೋಡುತ್ತಾರೆ. ಹಿಡಿಯ ಹಿಂಬದಿಯಲ್ಲಿ ಒತ್ತಿರುವ ಮುದ್ರೆಗಳೇ ಅದರ ಜಾತಕವೆಂಬುದು ರೂಢಿಯ ನಂಬಿಕೆ. ಲಂಡನ್ನಿನಲ್ಲಿ ತಯಾರಾದ ಚಮಚಗಳ ಮಟ್ಟಿಗೆ ಅದು ಸರಿಯೇ. ನಡೆಯುತ್ತಿರುವ ಸಿಂಹವಿದ್ದರೆ ಬೆಳ್ಳಿಯು ನೂರಕ್ಕೆ 92.5 ಭಾಗ ಶುದ್ಧ, ಅಂದರೆ ‘ಸ್ಟರ್ಲಿಂಗ್’ ಎಂದು ಅರ್ಥ. ಚಿರತೆಯ ತಲೆ ಲಂಡನ್ನಿನ ಪರೀಕ್ಷಾ ಕಚೇರಿಯನ್ನೂ, ಒಂಟಿ ಅಕ್ಷರವು ವರ್ಷವನ್ನೂ ತಿಳಿಸುತ್ತವೆ. 1784ರಿಂದ 1890ರವರೆಗಿನ ಚಮಚಗಳಲ್ಲಿ ಸುಂಕ ಸಂದಾಯವಾದುದರ ಗುರುತಾಗಿ ರಾಜನ ಅಥವಾ ರಾಣಿಯ ತಲೆಯೂ ಇರುತ್ತದೆ. ಆದರೆ ನಾನು ಹುಡುಕುವುದು ಭಾರತದಲ್ಲೇ ತಯಾರಾದ ಚಮಚಗಳನ್ನು, ಮತ್ತು ಇವುಗಳ ಮುದ್ರೆಯನ್ನು ಅಷ್ಟು ಸುಲಭವಾಗಿ ನಂಬುವಂತಿಲ್ಲ.

ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿ ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆ ಒತ್ತುವ, ಇಂಗ್ಲೆಂಡಿನಂತಹ ಕಡ್ಡಾಯ ವ್ಯವಸ್ಥೆ ಇರಲಿಲ್ಲ. ಬೆಳ್ಳಿಗೆ ನಮ್ಮ ಹಾಲ್‌ಮಾರ್ಕ್ ಬಂದದ್ದೇ 2005ರಲ್ಲಿ. ಹೀಗಾಗಿ ಕಲ್ಕತ್ತೆಯ ಹ್ಯಾಮಿಲ್ಟನ್ ಸಂಸ್ಥೆಯಾಗಲಿ, ಮದರಾಸಿನ ಪಿ. ಓರ್ ಅಂಡ್ ಸನ್ಸ್ ಆಗಲಿ, ಬೆಂಗಳೂರಿನ ಬಾರ್ಟನ್ ಆಗಲಿ ತಮಗೆ ತೋಚಿದ ಗುರುತನ್ನು ತಾವೇ ಒತ್ತಿಕೊಳ್ಳುತ್ತಿದ್ದವು. ಹ್ಯಾಮಿಲ್ಟನ್ನವರು ಹೆಸರಿನ ಮೊದಲಕ್ಷರಗಳ ಪಕ್ಕದಲ್ಲಿ ಪುಟ್ಟ ಆನೆಯೊಂದನ್ನು ನಿಲ್ಲಿಸಿದರು. ಆ ಆನೆ ನೋಡಲು ಚೆಂದ. ಆದರೆ ಅದು ಅಂಗಡಿಯ ಗುರುತೇ ಹೊರತು ಸರಕಾರದ ಪ್ರಮಾಣವಲ್ಲ. ಅಲ್ಲದೆ, ಸುತ್ತಿಗೆ ಹಿಡಿದು ಬೆಳ್ಳಿಯನ್ನು ಬಡಿದ ಅಕ್ಕಸಾಲಿಯ ಹೆಸರು ಈ ಮುದ್ರೆಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಭುಜ್‌ನ ಊಮರ್ಸಿ ಮಾವ್ಜಿಯಂತಹ ಕುಶಲಕರ್ಮಿ ತನ್ನದೇ ಹೆಸರಿನ ಮೊದಲಕ್ಷರಗಳನ್ನು ಒತ್ತಿದ್ದು ಅಪರೂಪದ ಸಂಗತಿ.

ಮುದ್ರೆಗಿಂತ ನನಗೆ ತಕ್ಕಡಿಯ ಮೇಲೆ ಹೆಚ್ಚು ವಿಶ್ವಾಸ. 1835ರಿಂದ ಚಲಾವಣೆಗೆ ಬಂದ ಈಸ್ಟ್ ಇಂಡಿಯಾ ಕಂಪನಿಯ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತಿತ್ತು. ಅದರ ಹನ್ನೆರಡು ಭಾಗಗಳಲ್ಲಿ ಹನ್ನೊಂದು ಭಾಗ ಶುದ್ಧ ಬೆಳ್ಳಿ. ಗಿರಾಕಿಗಳು ರೂಪಾಯಿ ನಾಣ್ಯಗಳನ್ನೇ ಕೊಟ್ಟು ಪಾತ್ರೆ ಮಾಡಿಸಿಕೊಳ್ಳುವುದು ನಮ್ಮಲ್ಲಿ ತೀರ ಸಾಮಾನ್ಯವಾಗಿತ್ತು. ಆದ್ದರಿಂದ ಇಲ್ಲಿನ ಚಮಚದ ಬೆಳ್ಳಿ ಸ್ಟರ್ಲಿಂಗ್‌ಗಿಂತ ಕೂದಲೆಳೆಯಷ್ಟು ಕಡಿಮೆ ಬಂದರೆ ನಾನು ಮುಖ ಸಿಂಡರಿಸುವುದಿಲ್ಲ. ಅದು ಊರಿನ ಬೆಳ್ಳಿಯೆಂಬ ಸಮಾಧಾನವೇ ಆಗುತ್ತದೆ. ಟೀ ಚಮಚವೊಂದು ಸುಮಾರು ಎರಡು ರೂಪಾಯಿ ತೂಗಿದರೆ, ಊಟದ ಮೇಜಿನ ದೊಡ್ಡ ಚಮಚ ಆರು ರೂಪಾಯಿಯ ಆಸುಪಾಸಿನಲ್ಲಿರುತ್ತದೆ.

ತೂಕದ ನಂತರ ನೋಡಬೇಕಾದದ್ದು ಸವೆತ. ಬಲಗೈಯಲ್ಲಿ ಹಿಡಿದು ದಶಕಗಳ ಕಾಲ ತಟ್ಟೆಗೆ ಉಜ್ಜಿದ ಚಮಚದ ತುದಿ ಎಡಭಾಗದಲ್ಲಿ ಓರೆಯಾಗಿ ಸವೆದಿರುತ್ತದೆ. ನನ್ನಲ್ಲಿರುವ ಫಿಡಲ್ ಮಾದರಿಯ, ಅಂದರೆ ಪಿಟೀಲಿನಾಕಾರದ ಹಿಡಿಯ ಚಮಚವೊಂದನ್ನು ಬೆಳಕಿಗೆ ಹಿಡಿದರೆ ಈ ಓರೆ ಸ್ಪಷ್ಟವಾಗಿ ಕಾಣುತ್ತದೆ. ಬೆರಳಿನಿಂದ ಸವರಿದರೆ ಆ ಅಂಚು ಚೂಪಾಗಿಯೇ ತಗಲುತ್ತದೆ. ಅದೇ ಚಮಚದ ಹಿಡಿಯ ಮೇಲೆ ಮೊದಲು ಕೆತ್ತಿದ್ದ ಮನೆತನದ ಅಕ್ಷರಗಳನ್ನು ಯಾರೋ ಉಜ್ಜಿ ಅಳಿಸಿದ್ದಾರೆ. ಅಳಿಸಿದ ಜಾಗ ಕಣ್ಣಿಗೆ ಮೋಸಮಾಡುವಷ್ಟು ನುಣುಪಾಗಿದೆ, ಆದರೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಹಿಡಿದಾಗ ಅಲ್ಲಿ ತಗಡು ತೆಳುವಾಗಿರುವುದು ಗೊತ್ತಾಗುತ್ತದೆ. ಇಂಥದ್ದಕ್ಕೆ ಬೆಲೆ ಕಡಿಮೆ. ನನಗೇನೋ ಅಳಿಸದೆ ಉಳಿದ ಅಕ್ಷರಗಳಿಗಿಂತ ಇವೇ ಕುತೂಹಲ ಹುಟ್ಟಿಸುತ್ತವೆ.

ಹಿಡಿಯ ತುದಿಯಲ್ಲಿ ದೇವತೆಗಳ ಮೂರ್ತಿಯಿರುವ ‘ಸ್ವಾಮಿ’ ಚಮಚಗಳಿಗೆ ಮಾರುಕಟ್ಟೆಯಲ್ಲಿ ಬೇಡಿಕೆ ಹೆಚ್ಚು. ದಕ್ಷಿಣದ ಈ ಶೈಲಿಗೆ ಪಿ. ಓರ್ ಸಂಸ್ಥೆ ಹೆಸರುವಾಸಿಯಾಗಿತ್ತು. 1875–76ರಲ್ಲಿ ವೇಲ್ಸ್ ರಾಜಕುಮಾರ ಭಾರತದಲ್ಲಿ ಸಂಚರಿಸಿ, ಇಲ್ಲಿ ದೊರೆತ ಉಡುಗೊರೆಗಳನ್ನು ಯುರೋಪಿನಲ್ಲಿ ಪ್ರದರ್ಶನಕ್ಕೆ ಇಟ್ಟ ಮೇಲಂತೂ ಭಾರತದ ಬೆಳ್ಳಿ ಕೆಲಸ ಅಲ್ಲಿ ಫ್ಯಾಶನ್ ಆಯಿತು. ಕೆಲಸದ ನಾಜೂಕನ್ನು ಒಪ್ಪುತ್ತೇನೆ. ಆದರೂ ನಮ್ಮ ದೇವರನ್ನು ಸಕ್ಕರೆ ಕಲಕುವ ಕಡ್ಡಿಯ ತುದಿಗೆ ಕೂರಿಸಿದ್ದನ್ನು ಕಂಡಾಗ ನನಗೆ ಒಳಗೊಳಗೇ ಕಸಿವಿಸಿಯಾಗುತ್ತದೆ, ಹಾಗಾಗಿ ಅವುಗಳನ್ನು ಕೊಳ್ಳುವ ಗೋಜಿಗೆ ಹೋಗಿಲ್ಲ. ಉಪ್ಪು ಬಡಿಸುವ ಪುಟ್ಟ ಚಮಚಗಳ ಮೇಲೆ ನನಗೆ ಹೆಚ್ಚು ಮಮತೆ. ಉಪ್ಪು ಬೆಳ್ಳಿಯನ್ನು ತಿನ್ನುವುದರಿಂದ ಅವುಗಳ ಬಟ್ಟಲಿಗೆ ಒಳಗಡೆ ಚಿನ್ನದ ನೀರು ಹಾಯಿಸಿರುತ್ತಾರೆ.

ಹೊಸದಾಗಿ ಕೊಳ್ಳುವವರು ಜರ್ಮನ್ ಸಿಲ್ವರ್ ವಿಷಯದಲ್ಲಿ ಎಚ್ಚರ ವಹಿಸಬೇಕು. ತಾಮ್ರ, ನಿಕ್ಕಲ್ ಮತ್ತು ಸತುವಿನ ಆ ಮಿಶ್ರಲೋಹದಲ್ಲಿ ಬೆಳ್ಳಿಯ ಲವಲೇಶವೂ ಇಲ್ಲ. ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಟ್ಟಿದ್ದರೆ ಸವೆದ ಕಡೆ ಹಳದಿ ಛಾಯೆ ಇಣುಕುತ್ತದೆ. ಅನುಮಾನ ಬಂದರೆ ಪರಿಚಯದ ಅಕ್ಕಸಾಲಿಯ ಒರೆಗಲ್ಲಿಗೆ ಹಚ್ಚಿಸುವುದೇ ವಾಸಿ.

ಕಪ್ಪಾದ ಬೆಳ್ಳಿಗೆ ನಮ್ಮ ಮನೆಗಳಲ್ಲಿ ವಿಭೂತಿ ಹಚ್ಚಿ ಉಜ್ಜುವ ಪದ್ಧತಿಯಿದೆ. ನಯವಾದ ವಿಭೂತಿಯನ್ನು ಮೆತ್ತನೆಯ ಹತ್ತಿಬಟ್ಟೆಯಲ್ಲಿ ಹಗುರವಾಗಿ ಬಳಸಿದರೆ ಸಾಕು. ಹಲ್ಲುಪುಡಿ ಹಾಕಿ ತಿಕ್ಕಿದರೆ ಕೆತ್ತನೆಯ ಏಣುಗಳು ಸವೆದುಹೋಗುತ್ತವೆ. ಕೆತ್ತನೆಯ ಗೆರೆಗಳೊಳಗಿನ ಕಪ್ಪನ್ನು ನಾನು ಮುಟ್ಟುವುದಿಲ್ಲ, ಅದಿದ್ದರೇ ಬಳ್ಳಿಯ ಎಲೆ ಎಲೆಯೂ ಎದ್ದು ಕಾಣುವುದು.

ಅಮೆರಿಕದಲ್ಲಿರುವ ನನ್ನ ಅಣ್ಣನ ಮಗಳು ಒಂದು ಜೊತೆ ಚಮಚ ಕಳಿಸಿಕೊಡಿ ಚಿಕ್ಕಪ್ಪ ಎಂದು ಕೇಳಿದ್ದಳು. ನೂರು ವರ್ಷ ದಾಟಿದ ಇಂತಹ ಕಲಾವಸ್ತುಗಳು 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ, ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಊರಿಗೆ ಬಂದಾಗ ಅದೇ ಚಮಚದಲ್ಲಿ ತುಪ್ಪ ಬಡಿಸುತ್ತೇನೆಂದು ಹೇಳಿದ್ದೇನೆ.