ಇಂಥ ನೋವಿನ ಪುಸ್ತಕಗಳನ್ನೇ ಯಾಕೆ ಓದ್ತೀಯ?

ನಾನು ಎಂ.ಎ. ಓದುತ್ತಿರುವವಳು. ಕೈಯಲ್ಲಿ ಪುಸ್ತಕ ಕಂಡರೆ ಸಾಕು, ಹಾಸ್ಟೆಲ್ ಗೆಳತಿಯರಿಂದ ಹಿಡಿದು ಊರಿನ ದೊಡ್ಡಮ್ಮನವರೆಗೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. "ಯಾವಾಗ ನೋಡಿದ್ರೂ ಒಂಟಿ ಮನುಷ್ಯರ ಕಥೆ, ನೋವು, ಸಾವು. ಇಂಥದ್ದನ್ನೇ ಯಾಕೆ ಓದ್ತೀಯ? ಬೇಜಾರಾಗಲ್ವಾ?" ದೊಡ್ಡಮ್ಮ ಇನ್ನೊಂದು ಮಾತು ಸೇರಿಸುತ್ತಾರೆ: "ಜಾಸ್ತಿ ಓದಿ ತಲೆ ಕೆಡಿಸ್ಕೋಬೇಡ ಮಗಾ."

ಪ್ರೀತಿಯಿಂದಲೇ ಕೇಳುತ್ತಾರೆ. ಅದಕ್ಕೇ ಹಾರಿಕೆಯ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ಬೇಜಾರಾಗುತ್ತದೆ, ನಿಜ. ಆದರೂ ಓದುತ್ತೇನೆ. ಯಾಕೆ ಅಂತ ಹೇಳಲು ಒಂದು ಕಥೆಯನ್ನು ಎದುರಿಗಿಟ್ಟುಕೊಳ್ಳಲೇಬೇಕು. ಸುಮ್ನೆ 'ಆಧುನಿಕ ಸಾಹಿತ್ಯ', 'ಒಂಟಿತನ' ಅಂತ ದೊಡ್ಡ ಮಾತಾಡಿದರೆ ಏನೂ ಹೇಳಿದಂತಾಗುವುದಿಲ್ಲ.

ಆ ಕಥೆ ಫ್ರಾಂಜ್ ಕಾಫ್ಕಾನ 'ಮೆಟಮಾರ್ಫಸಿಸ್'. 1912ರ ಕೊನೆಯ ವಾರಗಳಲ್ಲಿ ಪ್ರಾಗ್‌ನಲ್ಲಿ ಕೂತು ಜರ್ಮನ್ ಭಾಷೆಯಲ್ಲಿ ಬರೆದದ್ದು. ಅಚ್ಚಾದದ್ದು 1915ರಲ್ಲಿ. ಗ್ರೆಗರ್ ಸಾಮ್ಸಾ ಬಟ್ಟೆ ಕಂಪನಿಯ ಸೇಲ್ಸ್‌ಮನ್. ಊರೂರು ತಿರುಗುವ ಕೆಲಸ. ಅಪ್ಪನ ವ್ಯಾಪಾರ ಮುಳುಗಿದ ಮೇಲೆ ಐದು ವರ್ಷದಿಂದ ಇಡೀ ಮನೆ ನಡೆಯುತ್ತಿರುವುದು ಇವನ ದುಡಿಮೆಯಿಂದ. ಅಪ್ಪ ಅಮ್ಮ ಮಾಡಿದ ಸಾಲ ಇವನ ಧಣಿಯ ಹತ್ತಿರವೇ ಇದೆ, ಹಾಗಾಗಿ ಕೆಲಸ ಬಿಡುವ ಹಾಗಿಲ್ಲ. ಒಂದು ಬೆಳಗ್ಗೆ ಏಳುವಾಗ ಇವನು ದೊಡ್ಡದೊಂದು ಹುಳವಾಗಿದ್ದಾನೆ.

ಇಷ್ಟು ಕೇಳಿದವರು "ಅಯ್ಯೋ, ವಿಚಿತ್ರ ಕಥೆ" ಅಂತ ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ವಿಚಿತ್ರ ಅನ್ನಿಸಿದ್ದು ಹುಳವಾದದ್ದಲ್ಲ. ಹುಳವಾದ ಮೇಲೂ ಅವನಿಗಿರುವುದು ರೈಲಿನ ಚಿಂತೆ. ನಾಲ್ಕಕ್ಕೆ ಇಟ್ಟ ಅಲಾರಂ ಕೇಳಿಸಿಲ್ಲ, ಈಗ ಆರೂವರೆ, ಐದರ ಗಾಡಿ ಹೋಗಿದೆ, ಮುಂದಿನದು ಏಳಕ್ಕೆ, ಸ್ಯಾಂಪಲ್ ಇನ್ನೂ ಕಟ್ಟಿಲ್ಲ. ಅಷ್ಟು ಹೊತ್ತಿಗೆ ಕಂಪನಿಯ ಮುಖ್ಯ ಗುಮಾಸ್ತ ಮನೆಗೇ ಬರುತ್ತಾನೆ, ಯಾಕೆ ಬಂದಿಲ್ಲ ಅಂತ ಕೇಳಲು. ಐದು ವರ್ಷದಲ್ಲಿ ಒಂದು ದಿನವೂ ಕಾಯಿಲೆ ಅಂತ ಮಲಗದವನಿಗೆ ಈ ಮರ್ಯಾದೆ.

ಗ್ರೆಗರ್‌ನ ಕೋಣೆಗೆ ಮೂರು ಬಾಗಿಲು. ಒಂದರ ಆಚೆ ಅಮ್ಮ, ಇನ್ನೊಂದರ ಆಚೆ ಅಪ್ಪ, ಮತ್ತೊಂದರ ಆಚೆ ತಂಗಿ ಗ್ರೇಟೆ. ಮೂವರೂ ಬಾಗಿಲು ತಟ್ಟಿ ಕರೆಯುತ್ತಾರೆ. ಅವನು ಒಳಗಿನಿಂದ ಉದ್ದಕ್ಕೆ ಮಾತಾಡುತ್ತಾನೆ. ಸ್ವಲ್ಪ ತಲೆಸುತ್ತು, ಈಗ ಸರಿಹೋಗಿದ್ದೇನೆ, ಎಂಟರ ಗಾಡಿಗೆ ಹೊರಡುತ್ತೇನೆ, ನನ್ನ ಅಪ್ಪ ಅಮ್ಮನನ್ನು ಬಿಟ್ಟುಬಿಡಿ ಅಂತ ಗುಮಾಸ್ತನಿಗೆ ಹೇಳುತ್ತಾನೆ. ನಮಗೆ, ಅಂದರೆ ಓದುವವರಿಗೆ, ಒಂದೊಂದು ಮಾತೂ ಅರ್ಥವಾಗುತ್ತದೆ. ಬಾಗಿಲಾಚೆಯವರಿಗೆ ಒಂದೂ ತಿಳಿಯುವುದಿಲ್ಲ. ಅದು ಪ್ರಾಣಿಯ ದನಿ ಅನ್ನುತ್ತಾನೆ ಗುಮಾಸ್ತ.

ನನ್ನ ಉತ್ತರ ಶುರುವಾಗುವುದು ಇಲ್ಲಿಂದ. ಅವನ ಮಾತು ಇವರಿಗೆ ತಿಳಿಯುವುದಿಲ್ಲ, ಅದು ಒಂದು ಕಷ್ಟ. ಆದರೆ ಅದರಿಂದ ಇವರು ಇನ್ನೊಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: ನಮ್ಮ ಮಾತೂ ಅವನಿಗೆ ತಿಳಿಯುವುದಿಲ್ಲ ಅಂತ. ಅದು ಸುಳ್ಳು. ಅವನಿಗೆ ಎಲ್ಲ ತಿಳಿಯುತ್ತದೆ. ಬಾಗಿಲಿಗೆ ಮೈ ಆನಿಸಿಕೊಂಡು ಪ್ರತಿಯೊಂದು ಮಾತನ್ನೂ ಕೇಳಿಸಿಕೊಳ್ಳುತ್ತಾನೆ. ವ್ಯಾಪಾರ ಮುಳುಗಿದರೂ ಅಪ್ಪನ ಹತ್ತಿರ ಒಂದಿಷ್ಟು ದುಡ್ಡು ಉಳಿದಿತ್ತು, ತಾನು ಕೊಟ್ಟದ್ದರಲ್ಲೂ ಸ್ವಲ್ಪ ಕೂಡಿಟ್ಟಿದ್ದರು ಅನ್ನುವುದು ಅವನಿಗೆ ಗೊತ್ತಾಗುವುದು ಹೀಗೆ ಕದ್ದು ಕೇಳಿಸಿಕೊಂಡಾಗ. ಆ ದುಡ್ಡಿನಿಂದ ಸಾಲ ಎಷ್ಟೋ ತೀರುತ್ತಿತ್ತು, ತಾನು ಬೇಗ ಬಿಡುಗಡೆಯಾಗಬಹುದಿತ್ತು. ಆದರೂ ಅವನಿಗೆ ಸಿಟ್ಟು ಬರುವುದಿಲ್ಲ. ಅಪ್ಪ ಮಾಡಿದ್ದೇ ಒಳ್ಳೆಯದಾಯಿತು ಅಂದುಕೊಳ್ಳುತ್ತಾನೆ. ಈ ಪುಟ ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಕೊನೆಯ ಭಾಗದಲ್ಲಿ ಅಪ್ಪ ಒಂದು ಮಾತು ಅರ್ಧಕ್ಕೇ ಬಿಡುತ್ತಾನೆ. ನಮ್ಮ ಮಾತು ಇವನಿಗೆ ತಿಳಿಯುವಂತಿದ್ದರೆ ಹೇಗೋ ಒಂದು ಒಪ್ಪಂದಕ್ಕೆ ಬರಬಹುದಿತ್ತು ಅಂತ. ಗ್ರೇಟೆ ಅಳುತ್ತಲೇ ಜೋರಾಗಿ ಕೈಯಾಡಿಸುತ್ತಾಳೆ, ಅದೆಲ್ಲ ಸಾಧ್ಯವೇ ಇಲ್ಲ ಅನ್ನುವ ಹಾಗೆ. ಇಬ್ಬರೂ ಮಾತಾಡುತ್ತಿರುವುದು ಅವನ ಎದುರೇ. ಆ ರಾತ್ರಿ ಕಳೆದು ಬೆಳಕು ಹರಿಯುವ ಹೊತ್ತಿಗೆ ಗ್ರೆಗರ್ ಸಾಯುತ್ತಾನೆ. ಬೆನ್ನಲ್ಲಿ ಹೂತ ಸೇಬು ಅವನನ್ನು ಕೊಂದಿತು ಅಂತ ಹೇಳುವವರಿದ್ದಾರೆ, ಅಪ್ಪ ಎಸೆದ ಸೇಬು. ಹಸಿವು ಕೊಂದಿತು ಅನ್ನುವವರೂ ಇದ್ದಾರೆ. ನನಗೆ ಅನ್ನಿಸುವುದು ಬೇರೆ. ಎಲ್ಲ ತಿಳಿಯುವವನ ಎದುರು, ಏನೂ ತಿಳಿಯದವನ ಬಗ್ಗೆ ಮಾತಾಡುವಂತೆ ಮಾತಾಡಿದರಲ್ಲ, ಅವನು ಸತ್ತದ್ದು ಆಗ.

ಇದನ್ನು ನಾನು ಮನೆಯಲ್ಲಿ ಕಂಡಿದ್ದೇನೆ. ನನ್ನ ಅಜ್ಜಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ನೋಡಲು ಬಂದವರು ಮಂಚದ ಪಕ್ಕದಲ್ಲೇ ಕೂತು "ಇನ್ನೆಷ್ಟು ದಿನ ಅಂತಾರೆ ಡಾಕ್ಟ್ರು?" ಅಂತ ಕೇಳುತ್ತಿದ್ದರು. ಯಾರೂ ಕೆಟ್ಟವರಲ್ಲ. ಹಣ್ಣು ತಂದವರು, ರಾತ್ರಿ ಎದ್ದು ಕೂತವರು. ಅಜ್ಜಿ ಮಾತ್ರ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ಮನೆ ತುಂಬ ಜನ. ಅಷ್ಟು ಒಂಟಿಯಾದವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಒಂಟಿತನ ಅಂದರೆ ಜನ ಇಲ್ಲದಿರುವುದು ಅಂತ ನಾವು ಅಂದುಕೊಳ್ಳುತ್ತೇವೆ. ಈ ಪುಸ್ತಕಗಳು ತೋರಿಸುವುದು ಅದನ್ನಲ್ಲ. ಜನ ಇದ್ದಾರೆ, ಊಟ ಸಿಗುತ್ತದೆ, ಕೋಣೆಯೂ ಇದೆ. ಆದರೆ ಇವನ ಒಳಗೆ ಕೇಳಿಸಿಕೊಳ್ಳುವವನು ಒಬ್ಬನಿದ್ದಾನೆ ಅನ್ನುವುದನ್ನು ಸುತ್ತಲಿನವರು ಮರೆತಿದ್ದಾರೆ. ಇಂಥ ಒಂಟಿತನ ಹೊರಗಿನಿಂದ ನೋಡಿದರೆ ಕಾಣುವುದಿಲ್ಲ. ಬರೆದವರು ನಮ್ಮನ್ನು ಬಾಗಿಲಿನ ಆ ಕಡೆ, ಅವನ ಜೊತೆ ನಿಲ್ಲಿಸಿದರೆ ಮಾತ್ರ ಕಾಣುತ್ತದೆ. ಇದೇ ಕಾರಣಕ್ಕೆ ಓದುತ್ತೇನೆ. ನೋವು ರುಚಿಸುತ್ತದೆ ಅಂತಲ್ಲ.

ಕಾಫ್ಕಾಗೂ ಇದು ಗೊತ್ತಿತ್ತು ಅಂತ ಕಾಣುತ್ತದೆ. ಪುಸ್ತಕ ಅಚ್ಚಿಗೆ ಹೋಗುವಾಗ ಮುಖಪುಟದಲ್ಲಿ ಹುಳದ ಚಿತ್ರ ಬೇಡವೇ ಬೇಡ, ದೂರದಿಂದ ಕಾಣುವ ಹಾಗೂ ಬರೆಯಬೇಡಿ ಅಂತ ಪ್ರಕಾಶಕರಿಗೆ ಪತ್ರ ಬರೆದ. ಕೊನೆಗೆ ಬಂದ ಚಿತ್ರದಲ್ಲಿ ಹುಳ ಇಲ್ಲ. ತೆರೆದ ಬಾಗಿಲಿಗೆ ಬೆನ್ನು ಮಾಡಿ ಮುಖ ಮುಚ್ಚಿಕೊಂಡ ಒಬ್ಬ ಮನುಷ್ಯ ಇದ್ದಾನೆ. ಈಗಿನ ಎಷ್ಟೋ ಮುದ್ರಣಗಳಲ್ಲಿ ಜಿರಳೆ ಚಿತ್ರ ಹಾಕುತ್ತಾರೆ. ನನಗೆ ಅದು ಸಂಕಟ.

ಇನ್ನೊಂದು ವಿಷಯ. ಇಂಥ ಬರಹಗಾರರು ಸದಾ ಅಳುತ್ತ ಕೂತವರು ಅನ್ನುವ ಕಲ್ಪನೆ ನಮ್ಮಲ್ಲಿದೆ. ಕಾಫ್ಕಾ 1908ರಿಂದ 1922ರವರೆಗೆ ಪ್ರಾಗ್‌ನ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ಕೆಲಸ ಮಾಡಿದವನು. ಕಾರ್ಖಾನೆಗಳಲ್ಲಿ ಕೈಬೆರಳು ಕಳೆದುಕೊಂಡವರ ಕಾಗದಪತ್ರಗಳು ಅವನ ಮೇಜಿಗೆ ಬರುತ್ತಿದ್ದವು. ಮರ ಕೀಸುವ ಯಂತ್ರಗಳಲ್ಲಿ ಅಲಗು ಕೂರಿಸಿ ತಿರುಗಿಸುವ ಚೌಕ ಶಾಫ್ಟ್ ಎಷ್ಟು ಅಪಾಯ, ದುಂಡು ಶಾಫ್ಟ್ ಹಾಕಿದರೆ ಬೆರಳು ಹೇಗೆ ಉಳಿಯುತ್ತದೆ ಅಂತ ಚಿತ್ರಸಮೇತ ವರದಿ ಬರೆದಿದ್ದಾನೆ. ಅವನ ಕಥೆಗಳ ತಣ್ಣಗಿನ ಧಾಟಿ ನನಗೆ ಅರ್ಥವಾದದ್ದು ಇದನ್ನು ತಿಳಿದ ಮೇಲೆ. ನೋವು ಎಲ್ಲಿ ತಗುಲಿತು, ಎಷ್ಟು ಆಳ, ಯಾವ ಯಂತ್ರದಿಂದ ಅಂತ ನೋಡುವ ಕಣ್ಣು ಅದು. ಅಯ್ಯೋ ಪಾಪ ಅನ್ನುವುದಕ್ಕಿಂತ ಅದು ದೊಡ್ಡ ಮರುಕ ಅಂತ ನನ್ನ ನಂಬಿಕೆ. ಅವನಿಗೆ ನಗುವೂ ಗೊತ್ತಿತ್ತು. 'ದ ಟ್ರಯಲ್' ಕಾದಂಬರಿಯ ಮೊದಲ ಅಧ್ಯಾಯವನ್ನು ಗೆಳೆಯರಿಗೆ ಓದಿ ಹೇಳುವಾಗ ಎಲ್ಲರೂ ನಕ್ಕರು, ಅವನೇ ನಗು ತಡೆಯಲಾರದೆ ಓದು ನಿಲ್ಲಿಸುತ್ತಿದ್ದ ಅಂತ ಅವನ ಗೆಳೆಯ ಮ್ಯಾಕ್ಸ್ ಬ್ರಾಡ್ ಬರೆದಿದ್ದಾನೆ.

"ಅದೆಲ್ಲ ಅಲ್ಲಿಯವರ ಕಥೆ. ನಮ್ಮಲ್ಲಿ ತುಂಬಿದ ಮನೆ, ನಮಗೆ ಈ ಒಂಟಿತನ ಎಲ್ಲಿಂದ?" ಇದು ಮುಂದಿನ ಪ್ರಶ್ನೆ. ನವ್ಯ ಅನ್ನುವ ಆಧುನಿಕ ಸಾಹಿತ್ಯ ಚಳವಳಿಯ ಕಾಲದಲ್ಲಿ ಕನ್ನಡದಲ್ಲೂ 'ಅನಾಥಪ್ರಜ್ಞೆ', ಅಂದರೆ ತನಗೆ ಯಾರೂ ಇಲ್ಲ ಅನ್ನುವ ಭಾವದ ಬಗ್ಗೆ ಬರೆದವರಿಗೆ ಇದೇ ಆಕ್ಷೇಪ ಎದುರಾಗಿತ್ತು, ಯುರೋಪಿನಿಂದ ಎರವಲು ತಂದ ದುಃಖ ಅಂತ. ಆದರೆ ಸಾಮ್ಸಾ ಮನೆ ನೋಡಿ. ದುಡಿಯುವ ಮಗ, ಮನೆಯಲ್ಲಿರುವ ಅಪ್ಪ, ಉಬ್ಬಸದ ಅಮ್ಮ, ಸಂಗೀತ ಕಲಿಸಬೇಕಾದ ತಂಗಿ, ತೀರದ ಸಾಲ. ಇದು ನಮ್ಮ ಬೀದಿಯಲ್ಲಿ ಇಲ್ಲದ ಮನೆಯೇ? ವಿವೇಕ ಶಾನಭಾಗ ಅವರ 'ಘಾಚರ್ ಘೋಚರ್' ಓದಿದವರಿಗೆ ಗೊತ್ತು. ಅಲ್ಲಿಯೂ ಸೇಲ್ಸ್‌ಮನ್ ಅಪ್ಪನ ಕೆಲಸ ಹೋಗುತ್ತದೆ, ಚಿಕ್ಕಪ್ಪನ ಮಸಾಲೆ ವ್ಯಾಪಾರ ಮನೆಯನ್ನು ಎತ್ತುತ್ತದೆ. ದುಡಿಯುವವನ ಸುತ್ತ ಇಡೀ ಮನೆ ಕಾವಲು ನಿಲ್ಲುತ್ತದೆ. ಅವನಿಗೆ ತೊಂದರೆ ಕೊಡುವವರು ಬಾಗಿಲಿಗೆ ಬಂದರೆ ಮನೆಯ ಹೆಂಗಸರೇ ಓಡಿಸುತ್ತಾರೆ. ಪ್ರಾಗ್‌ನ ಕಥೆಯಲ್ಲಿ ದುಡಿಮೆ ನಿಂತವನಿಗೆ ಏನಾಗುತ್ತದೆ ಅಂತ ಇದೆ. ಬೆಂಗಳೂರಿನ ಕಥೆಯಲ್ಲಿ ದುಡಿಯುವವನಿಗಾಗಿ ಉಳಿದವರು ಏನಾಗುತ್ತಾರೆ ಅಂತ ಇದೆ. ಎರಡನ್ನೂ ಒಟ್ಟಿಗೆ ಓದಬೇಕು.

ಹಾಗಂತ ನೋವಿರುವ ಕಡೆಯೆಲ್ಲ ಒಂಟಿತನ ಇರುತ್ತದೆ ಅಂತ ನಾನು ಒಪ್ಪುವುದಿಲ್ಲ. ತರಗತಿಗಳಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ. ದೇವನೂರ ಮಹಾದೇವ ಅವರ 'ಒಡಲಾಳ' ತೆಗೆದುಕೊಳ್ಳಿ. ಸಾಕವ್ವನ ಮನೆಯಲ್ಲಿ ಹಸಿವಿದೆ, ಬಡತನವಿದೆ, ಜಾತಿ ಹೊರಿಸಿದ ಭಾರವಿದೆ. ಕಳೆದುಹೋದ ಒಂದು ಹುಂಜಕ್ಕಾಗಿ ಆಕೆ ಕೇರಿಯೆಲ್ಲ ಹುಡುಕುತ್ತಾಳೆ. ಸಾಹುಕಾರನಲ್ಲಿ ಕದ್ದ ಕಡಲೆಕಾಯಿ ಮೂಟೆ ಆ ಮನೆಗೆ ಬಂದ ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂತು ತಿನ್ನುತ್ತಾರೆ, ಹರಟುತ್ತಾರೆ. ಬೆಳಗಾದರೆ ಪೊಲೀಸರು ಬರುತ್ತಾರೆ. ನೋವು ಅಲ್ಲಿ ಗ್ರೆಗರ್‌ನ ಮನೆಗಿಂತ ಎಷ್ಟೋ ಪಾಲು ಜಾಸ್ತಿ. ಆದರೆ ಆ ರಾತ್ರಿ ಆ ಗುಡಿಸಲಲ್ಲಿ ಯಾರೂ ಒಂಟಿಯಲ್ಲ. ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸುತ್ತಲೇ ಇರುತ್ತಾರೆ, ಜಗಳವೂ ಸೇರಿ. ಗ್ರೆಗರ್‌ಗೆ ಸಿಗದೇ ಹೋದದ್ದು ಇದೇ. ತಟ್ಟೆಯಲ್ಲಿ ಹಾಲು, ಬ್ರೆಡ್ಡು ಇಟ್ಟಿದ್ದರು, ಆಮೇಲೆ ಕೊಳೆತ ತರಕಾರಿ, ಚೀಸ್ ಇಟ್ಟರು. ಜೊತೆಗೆ ಕೂತು ತಿಂದವರು ಯಾರೂ ಇಲ್ಲ.

ಈ ವ್ಯತ್ಯಾಸ ಮುಖ್ಯ. ಬಡತನ, ಜಾತಿ, ಪೊಲೀಸರ ಲಾಠಿ ಇವುಗಳನ್ನು 'ಮನುಷ್ಯನ ಒಂಟಿತನ' ಅಂತ ಒಂದೇ ಹೆಸರಿನಲ್ಲಿ ಕರೆದುಬಿಟ್ಟರೆ ನೋವು ಕೊಟ್ಟವರು ಯಾರು ಅನ್ನುವುದು ಮರೆಯಾಗುತ್ತದೆ. ಒಡಲಾಳದಲ್ಲಿ ಅದು ಸ್ಪಷ್ಟವಾಗಿದೆ. ಕಾಫ್ಕಾನಲ್ಲೂ ಹುಡುಕಿದರೆ ಸಿಗುತ್ತದೆ: ಧಣಿ, ಸಾಲ, ಒಂದು ದಿನದ ಗೈರುಹಾಜರಿಗೆ ಮನೆಗೆ ಬರುವ ಗುಮಾಸ್ತ.

ಜೂನಿಯರ್ ಒಬ್ಬಳು ಇತ್ತೀಚೆಗೆ ಕೇಳಿದಳು: "ಅಕ್ಕ, ನಂಗೇ ಮನಸ್ಸು ಸರಿ ಇಲ್ಲ. ಈಗ ಇದನ್ನ ಓದ್ಲಾ?" ಬೇಡ ಅಂದೆ. ತುಂಬ ಕುಗ್ಗಿದ ಮನಸ್ಸಿಗೆ ಮೊದಲು ಬೇಕಾದದ್ದು ಕೇಳಿಸಿಕೊಳ್ಳುವ ಒಬ್ಬ ಮನುಷ್ಯ. ಪುಸ್ತಕ ಆಮೇಲೆ. ಯಾರ ಹತ್ತಿರವೂ ಹೇಳಿಕೊಳ್ಳಲು ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಓದಿನ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ ಓದು ಆ ಕೆಲಸ ಮಾಡುತ್ತದೆ ಅಂತ ನಾನು ಹೇಳಲಾರೆ. ಅವಳು ಮಾತಾಡಿದಳು, ನಾನು ಕೇಳಿಸಿಕೊಂಡೆ. ಮೆಸ್ ಮುಚ್ಚುವ ಹೊತ್ತಾಯಿತು.

ಕೊನೆಯದಾಗಿ, ಕಥೆ ಓದಿದವರು ನನ್ನ ಜೊತೆ ಜಗಳಕ್ಕೆ ಬರುವ ಜಾಗ. "ಆ ತಂಗಿ ಎಷ್ಟು ಕ್ರೂರಿ ಅಲ್ವಾ?" ನಾನು ಗ್ರೇಟೆಯನ್ನು ಹಾಗೆ ನೋಡಲಾರೆ. ಆಕೆಗೆ ಹದಿನೇಳು ವರ್ಷ. ಅಣ್ಣ ಏನು ತಿನ್ನುತ್ತಾನೆ ಅಂತ ಹತ್ತು ಬಗೆ ತಂದಿಟ್ಟು ನೋಡಿದವಳು ಅವಳೊಬ್ಬಳೇ. ಕೋಣೆ ಗುಡಿಸಿದವಳೂ ಅವಳೇ. ಆಮೇಲೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ರಾತ್ರಿ ಶಾರ್ಟ್‌ಹ್ಯಾಂಡ್ ಮತ್ತು ಫ್ರೆಂಚ್ ಕಲಿಯುತ್ತಾಳೆ. ಅಪ್ಪ ಬ್ಯಾಂಕಿನಲ್ಲಿ ಜವಾನನ ಕೆಲಸಕ್ಕೆ ಹೋಗುತ್ತಾನೆ, ಅಮ್ಮ ರಾತ್ರಿಯೆಲ್ಲ ಹೊಲಿಯುತ್ತಾಳೆ. ದಣಿದು ದಣಿದು ಆ ಮನೆಯಲ್ಲಿ ಮರುಕ ಬತ್ತಿಹೋಗುತ್ತದೆ. ಹಾಸಿಗೆ ಹಿಡಿದವರನ್ನು ತಿಂಗಳುಗಟ್ಟಲೆ ನೋಡಿಕೊಂಡ ಯಾವ ಹೆಣ್ಣುಮಗಳನ್ನು ಬೇಕಾದರೂ ಕೇಳಿ, ಅವಳಿಗೆ ಗ್ರೇಟೆ ಅರ್ಥವಾಗುತ್ತಾಳೆ.

ಗ್ರೆಗರ್ ಸತ್ತ ದಿನವೇ ಮೂವರೂ ರಜೆ ಹಾಕಿ ಟ್ರಾಮ್ ಹತ್ತಿ ಊರಾಚೆ ಹೋಗುತ್ತಾರೆ. ಬಿಸಿಲು ಚೆನ್ನಾಗಿದೆ. ಮಗಳು ಬೆಳೆದು ಅಂದವಾಗಿದ್ದಾಳೆ, ಅವಳಿಗೊಂದು ಒಳ್ಳೆಯ ಗಂಡು ನೋಡುವ ಕಾಲ ಬಂತು ಅಂತ ಅಪ್ಪ ಅಮ್ಮ ಕಣ್ಣಲ್ಲೇ ಮಾತಾಡಿಕೊಳ್ಳುತ್ತಾರೆ. ಅವಳನ್ನು ಯಾರೂ ಕೇಳುವುದಿಲ್ಲ. ಪಕ್ಕದಲ್ಲೇ ಕೂತಿದ್ದಾಳೆ, ಅವಳ ಬಗ್ಗೆ ತೀರ್ಮಾನವಾಗುತ್ತಿದೆ. ಇದನ್ನು ಸುಖಾಂತ್ಯ ಅಂತ ಹೇಳುವವರೂ ಇದ್ದಾರೆ. ನನಗಂತೂ ಆ ಪುಟದಲ್ಲಿ ಗ್ರೆಗರ್‌ಗಿಂತ ಗ್ರೇಟೆಯ ಚಿಂತೆಯೇ ಜಾಸ್ತಿ.