ಎರಡು ಫೋಟೊ ಸೇರಿಸಿ ಮೊಬೈಲ್‌ನಲ್ಲೇ ವಿಗಲ್‌ಗ್ರಾಮ್

ಒಂದೇ ದೃಶ್ಯವನ್ನು ತುಸು ಪಕ್ಕಕ್ಕೆ ಸರಿದು ಎರಡು ಸಲ ಕ್ಲಿಕ್ಕಿಸಿ, ಆ ಎರಡನ್ನೂ ಬೇಗಬೇಗ ಅದಲುಬದಲು ತೋರಿಸಿದರೆ ಚಪ್ಪಟೆ ಚಿತ್ರಕ್ಕೆ ಆಳ ಬರುತ್ತದೆ. ಇದೇ ವಿಗಲ್‌ಗ್ರಾಮ್. ಹತ್ತಿರದ್ದು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ಈ ವ್ಯತ್ಯಾಸದಿಂದಲೇ ಮಿದುಳು ದೂರವನ್ನು ಅಳೆಯುತ್ತದೆ. ಬ್ರಿಟಿಷ್ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ವಿವರಿಸಿದ, ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸುವ ಸ್ಟೀರಿಯೊಸ್ಕೋಪ್‌ಗೆ ಎರಡೂ ಕಣ್ಣು ಬೇಕು. ವಿಗಲ್‌ಗ್ರಾಮ್‌ಗೆ ಕನ್ನಡಕ ಬೇಡ, ಒಂದು ಕಣ್ಣು ಮುಚ್ಚಿಕೊಂಡು ನೋಡಿದರೂ ಆಳ ಕಾಣುತ್ತದೆ.

ಆ್ಯಪ್ ಯಾವುದೆಂಬ ಪ್ರಶ್ನೆ ಆಮೇಲಿನದು. ಮೊದಲು ಸರಿಯಬೇಕಾದ ದೂರ ಗೊತ್ತಿರಬೇಕು: ಅತಿ ಹತ್ತಿರದ ವಸ್ತು ಎಷ್ಟು ದೂರದಲ್ಲಿದೆಯೋ ಅದರ ಮೂವತ್ತನೇ ಒಂದು ಭಾಗ. ಎರಡು ಮೀಟರ್ ಆಚೆ ನಿಂತವರಿಗೆ ಆರೂವರೆ ಸೆಂಟಿಮೀಟರ್ ಸಾಕು, ಹೆಚ್ಚುಕಡಿಮೆ ನಮ್ಮ ಎರಡು ಕಣ್ಣುಗಳ ನಡುವಿನ ಅಂತರ. 60 ಸೆಂಟಿಮೀಟರ್‌ನಲ್ಲಿರುವ ಹೂವಿಗೆ ಎರಡೇ ಸೆಂಟಿಮೀಟರ್. ಕಾಲು ಅಗಲಿಸಿ ನಿಂತು ಮೈಭಾರವನ್ನು ಎಡಗಾಲಿನಿಂದ ಬಲಗಾಲಿಗೆ ಹಾಕಿದರೆ ಆ ಆರೂವರೆ ಸೆಂಟಿಮೀಟರ್‌ನಷ್ಟು ಸರಿದಂತಾಗುತ್ತದೆ. ಮೇಜಿನ ಮೇಲಿನ ವಸ್ತುವಾದರೆ ಫೋನನ್ನು ದಪ್ಪ ಪುಸ್ತಕದ ಅಂಚಿಗೆ ಒತ್ತಿ ಜಾರಿಸಿ. ಫೋನ್ ನೇರವಾಗಿ ಸರಿಯಬೇಕು, ವಸ್ತುವಿನತ್ತ ತಿರುಗಬಾರದು. ತಿರುಗಿದರೆ ಚಿತ್ರದ ಒಂದು ಬದಿ ಹಿಗ್ಗಿ ಇನ್ನೊಂದು ಕುಗ್ಗುತ್ತದೆ, ಆಮೇಲೆ ಎಷ್ಟು ಹೊಂದಿಸಿದರೂ ಮೂಲೆಗಳು ಮೇಲೆ ಕೆಳಗೆ ಕುಣಿಯುತ್ತವೆ.

ಪರದೆಯನ್ನು ಒತ್ತಿಹಿಡಿದು ಫೋಕಸ್ ಮತ್ತು ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಲಾಕ್ ಮಾಡದೆ ಕ್ಲಿಕ್ಕಿಸಬೇಡಿ. ಬೆಳಕು ಕೊಂಚ ಬದಲಾದರೂ ಚಿತ್ರ ಅಲುಗುವ ಬದಲು ಮಿಣುಕುತ್ತದೆ, ನೋಡುವವರಿಗೆ ತಲೆನೋವು. ತೀರಾ ಹತ್ತಿರ ಹೋದಾಗ ಕೆಲವು ಫೋನ್‌ಗಳು ತಾವಾಗಿಯೇ ಮ್ಯಾಕ್ರೊ ಲೆನ್ಸ್‌ಗೆ ಜಿಗಿಯುತ್ತವೆ. ಅದನ್ನೂ ಆಫ್ ಮಾಡಿ. ಗಾಳಿಗೆ ಅಲ್ಲಾಡುವ ಎಲೆ, ಹರಿಯುವ ನೀರು ಈ ಕೆಲಸಕ್ಕೆ ಒಗ್ಗುವುದಿಲ್ಲ.

ಇನ್ನು ಜೋಡಣೆ. ನನ್ನ ಮಟ್ಟಿಗೆ ವಿಗಲ್‌ಗ್ರಾಮ್‌ನ ಜೀವ ಇರುವುದೇ ಇಲ್ಲಿ. ಎರಡೂ ಫ್ರೇಮಿನಲ್ಲಿ ಕದಲದೆ ನಿಲ್ಲುವ ಒಂದು ಬಿಂದುವನ್ನು ನೀವೇ ಆರಿಸಬೇಕು. ಲೇಯರ್ (ಒಂದರ ಮೇಲೊಂದು ಚಿತ್ರ ಇಡುವ ಪದರ) ಇರುವ ಯಾವುದೇ ಎಡಿಟಿಂಗ್ ಆ್ಯಪ್‌ನಲ್ಲಿ ಎರಡನೇ ಫೋಟೊವನ್ನು ಮೊದಲನೆಯದರ ಮೇಲಿಟ್ಟು, ಕೆಳಗಿನದೂ ಕಾಣುವಂತೆ ಅದರ ಒಪ್ಯಾಸಿಟಿ 50%ಗೆ ಇಳಿಸಿ, ಆ ಬಿಂದುಗಳು ಕೂಡುವವರೆಗೆ ಸರಿಸಿ. ಮುಖವಿದ್ದರೆ ಕಣ್ಣನ್ನೇ ಹಿಡಿಯಿರಿ. ಆಮೇಲೆ ಉಳಿದ ಕಡೆ ಎತ್ತರ ಹೊಂದುತ್ತದೆಯೇ ನೋಡಿ, ಇಲ್ಲದಿದ್ದರೆ ಒಂದರ್ಧ ಡಿಗ್ರಿ ತಿರುಗಿಸಿ. ಅಡ್ಡಕ್ಕೆ ವ್ಯತ್ಯಾಸ ಇರಲೇಬೇಕು, ಮೇಲೆ ಕೆಳಗೆ ಎಳ್ಳಷ್ಟೂ ಇರಬಾರದು. ಸ್ಥಿರ ಬಿಂದು ತೀರಾ ಹಿಂದಿದ್ದರೆ ಮುಂದಿನ ವಸ್ತು ಎಗರಾಡುತ್ತದೆ. ನಡುವೆ ಇದ್ದರೆ ಮುಂದಿನದೂ ಹಿಂದಿನದೂ ಎದುರುಬದುರು ತೂಗುತ್ತವೆ, ಕಣ್ಣಿಗೆ ಹಿತ. ಇಂಥ ಎಡ ಬಲ ಫೋಟೊಗಳ ಸ್ಟೀರಿಯೊ ಜೋಡಿಗಳಿಗೆಂದೇ ಇರುವ ಆ್ಯಪ್‌ಗಳು ಓರೆ ಮತ್ತು ಎತ್ತರವನ್ನು ತಾವೇ ಸರಿಪಡಿಸಬಹುದು, ಆದರೆ ನಿಮ್ಮ ಚಿತ್ರದಲ್ಲಿ ಮುಖ್ಯ ಯಾವುದೆಂದು ಅವಕ್ಕೆ ತಿಳಿಯದು. ಕೊನೆಗೆ ಅಂಚುಗಳನ್ನು ಎರಡಕ್ಕೂ ಒಂದೇ ಅಳತೆಯಲ್ಲಿ ಕ್ರಾಪ್ ಮಾಡಿ.

ಎರಡು ಫ್ರೇಮಿನ ಗಿಫ್‌ಗೆ ತಲಾ 120ರಿಂದ 150 ಮಿಲಿಸೆಕೆಂಡ್ ಇಡಿ. 250 ದಾಟಿದರೆ ಅದು ಸ್ಲೈಡ್ ಶೋ. ಫೋನ್ ಸರಿಸುತ್ತಾ ಸಾಲಾಗಿ ಬೇಗಬೇಗ ಕ್ಲಿಕ್ಕಿಸುವ ಬರ್ಸ್ಟ್‌ನಲ್ಲಿ ನಾಲ್ಕು ಫ್ರೇಮ್ ಸಿಕ್ಕಿದರೆ ಇನ್ನೂ ನಯ. ಕ್ರಮ 1-2-3-4-3-2 ಇರಲಿ. ತುದಿಯ ಫ್ರೇಮುಗಳನ್ನು ಎರಡೆರಡು ಸಲ ಹಾಕಿದರೆ ಚಲನೆ ಅಲ್ಲಿ ಮುಗ್ಗರಿಸುತ್ತದೆ. ಒಂದು ಫ್ರೇಮ್ ಇನ್ನೊಂದರಲ್ಲಿ ಮೆಲ್ಲಗೆ ಕರಗುವ ಕ್ರಾಸ್‌ಫೇಡ್ ಬೇಡ, ನೆರಳು ನೆರಳಾಗಿ ಎರಡೆರಡು ಕಾಣುತ್ತದೆ. ಗಿಫ್‌ನ ಒಂದು ಫ್ರೇಮಿಗೆ ಸಿಗುವುದು 256 ಬಣ್ಣ ಮಾತ್ರವಾದ್ದರಿಂದ ಆಕಾಶದಲ್ಲಿ ಪಟ್ಟೆ ಮೂಡಬಹುದು. ಆಗ ಅದೇ ಲೂಪನ್ನು ಐದಾರು ಸೆಕೆಂಡ್ ಓಡಿಸಿ ಎಂಪಿ4 ಆಗಿ ಉಳಿಸಿ.

ಒಂದೇ ಫೋಟೊ ಇದ್ದರೆ ಡೆಪ್ತ್ ಮ್ಯಾಪ್ (ಚಿತ್ರದ ಯಾವ ಭಾಗ ಎಷ್ಟು ದೂರ ಎಂಬ ನಕ್ಷೆ) ಬಳಸುವ ಆ್ಯಪ್‌ಗಳಿವೆ. ವ್ಯಕ್ತಿಯ ಹಿಂದೆ ಅಡಗಿದ ಭಾಗ ಫೋಟೊದಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಆ್ಯಪ್ ಅದನ್ನು ಊಹಿಸಿ ತುಂಬುತ್ತದೆ; ಕೂದಲಿನ ಅಂಚು ರಬ್ಬರಿನಂತೆ ಎಳೆಯುವುದು ಅದಕ್ಕೇ. ಚಲನೆಯನ್ನು ಆದಷ್ಟು ಕಡಿಮೆ ಇಡಿ. ಇದಕ್ಕಿಂತ ಎರಡು ಫೋಟೊ ಅಕ್ಕಪಕ್ಕ ಇರುವ 19ನೇ ಶತಮಾನದ ಸ್ಟೀರಿಯೊ ಕಾರ್ಡ್‌ನ ಸ್ಕ್ಯಾನ್ ಎಷ್ಟೋ ಮೇಲು: ಎಡ ಬಲ ಅರ್ಧಗಳನ್ನು ಕತ್ತರಿಸಿ ಮೇಲಿನಂತೆಯೇ ಜೋಡಿಸಿದರಾಯಿತು. ಎರಡನ್ನೂ ಮೊದಲು ಕಪ್ಪು ಬಿಳುಪಿಗೆ ತಂದು ಬೆಳಕು ಸಮ ಮಾಡಿ, ಒಂದರಲ್ಲಷ್ಟೇ ಇರುವ ಕಲೆಗಳನ್ನು ಅಳಿಸಿಬಿಡಿ, ಇಲ್ಲದಿದ್ದರೆ ಅವು ಮಿನುಗುತ್ತಲೇ ಇರುತ್ತವೆ.